ಸಂಬಳ ಜಾಸ್ತಿ ಮಾಡಿದ್ರೂ ಸಿಸ್ಟರ್‌ಗಳು ಯಾಕೆ ನಿಲ್ತಿಲ್ಲ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಇನ್‌ಚಾರ್ಜ್. ಮ್ಯಾನೇಜ್‌ಮೆಂಟ್ ಹತ್ರ ಮಾತಾಡಿ ಸಂಬಳ ಜಾಸ್ತಿ ಮಾಡಿಸ್ದೆ, ಆದ್ರೂ ಹೊಸಬರು ವರ್ಷ ತುಂಬೋದ್ರೊಳಗೆ ಬಿಟ್ಟು ಹೋಗ್ತಾರೆ. ಇವರಿಗೆ ಬೇಕಾಗಿರೋದಾದ್ರೂ ಏನು?

ಉತ್ತರ: ಸಂಬಳ ಜಾಸ್ತಿ ಮಾಡಿಸಿದ್ದು ಒಳ್ಳೇದೇ ಆಯ್ತು ಮೇಡಂ, ಮನೆ ನಡೀಬೇಕಲ್ಲ. ಆದ್ರೆ ಇರೋದಾ ಬಿಡೋದಾ ಅಂತ ಅವರು ತೀರ್ಮಾನ ಮಾಡೋದು ವಾರ್ಡಲ್ಲಿ. ನೈಟ್ ಡ್ಯೂಟೀಲಿ ಒಬ್ರೇ ಇದಾರೆ ಅನ್ಕೊಳ್ಳಿ, ಒಂದು ಬೆಡ್‌ನಲ್ಲಿ ಡ್ರಿಪ್ ಮುಗೀತಾ ಬಂದಿದೆ, ಆಪರೇಷನ್ ಆದೋರ ಬಿಪಿ ಇಳೀತಿದೆ, ಆ ಕಡೆ ಯಾರೋ ಸಿಸ್ಟರ್ ಸಿಸ್ಟರ್ ಅಂತ ಕೂಗ್ತಿದಾರೆ, ಚಾರ್ಟ್ ಬರೆಯೋದು ಹಾಗೇ ಉಳ್ಕೊಂಡಿದೆ. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋದ್ರೂ ಏನೋ ಬಿಟ್ಟುಹೋಯ್ತಾ ಅನ್ನೋ ಭಯ ಹೋಗಲ್ಲ, ಕಲಿತ ಕೆಲಸಾನ ಸರಿಯಾಗಿ ಮಾಡೋಕೆ ಬಿಡ್ತಿಲ್ವಲ್ಲ ಅನ್ನೋ ಸಂಕಟ ಇದ್ಯಲ್ಲ, ಅದೇ ಅವರನ್ನ ಓಡಿಸೋದು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತೆ ಅವರ ತಂಡ 168 ಆಸ್ಪತ್ರೆಗಳನ್ನ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದ್ರೂ ಅವರು ಪೂರ್ತಿ ದಣಿದು ಹೋಗೋ ಸಾಧ್ಯತೆ 23% ಜಾಸ್ತಿ, ಕೆಲಸದ ಮೇಲೆ ಬೇಸರ 15% ಜಾಸ್ತಿ, ಸರ್ಜರಿ ರೋಗಿಗಳು 30 ದಿನದೊಳಗೆ ತೀರಿಕೊಳ್ಳೋ ಸಾಧ್ಯತೆ 7% ಜಾಸ್ತಿ ಅಂತ ಕಂಡುಬಂತು. ಈ ಅಂಕಿನ ನಿಮ್ಮ ಮ್ಯಾನೇಜ್‌ಮೆಂಟ್ ಮುಂದೆ ಇಡಿ, ದಯವಿಟ್ಟು.

ಇನ್ನೊಂದು ವಿಷಯ, ನರ್ಸ್‌ಗಳು ಬಿಟ್ಟು ಹೋಗದೇ ಇರೋ 41 ಆಸ್ಪತ್ರೆಗಳನ್ನ ಅಮೆರಿಕದಲ್ಲೇ ಹುಡುಕಿ ನೋಡಿ 1983ರಲ್ಲಿ ವರದಿ ಪ್ರಕಟಿಸಿದ್ರು. ಅಲ್ಲೆಲ್ಲ ಕಂಡಿದ್ದು ನರ್ಸ್ ಮಾತು ಕೇಳೋ ಮೇಲಿನವರು, ತಮ್ಮ ಕೆಲಸದಲ್ಲಿ ತಾವೇ ನಿರ್ಧಾರ ತಗೊಳ್ಳೋ ಸ್ವಾತಂತ್ರ್ಯ, ಹೊಂದಿಸ್ಕೊಳ್ಳೋಕೆ ಆಗೋ ಡ್ಯೂಟಿ, ಮುಂದೆ ಕಲಿಯೋ ಅವಕಾಶ.

ಇದ್ರಲ್ಲಿ ಕೆಲವು ನಿಮ್ಮ ಕೈಯಲ್ಲೇ ಇದೆ. ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ, ಮುಂಚೇನೇ ಹಾಕಿ, ಹಾಕಿದ ಮೇಲೆ ಆಫ್ ಕ್ಯಾನ್ಸಲ್ ಮಾಡಿ ಡಬಲ್ ಡ್ಯೂಟಿಗೆ ಕರೀಬೇಡಿ. ಡಾಕ್ಟರೋ ರೋಗಿ ಕಡೆಯವರೋ ಎಲ್ಲರೆದುರು ಬೈದಾಗ ನೀವು ಹೋಗಿ ಅವರ ಪಕ್ಕ ನಿಂತ್ಕೊಳ್ಳಿ, ಇದಂತೂ ತುಂಬಾ ಮುಖ್ಯ, ಅವತ್ತು ನೀವು ಸುಮ್ನಿದ್ರೆ ಅವರು ಮನಸಲ್ಲೇ ರಾಜೀನಾಮೆ ಬರೆದಿರ್ತಾರೆ. ಹೊಸಬರ ಜೊತೆ ಅನುಭವ ಇರೋ ಒಬ್ರನ್ನ ಮೊದಲ ಕೆಲವು ತಿಂಗಳು ಹಾಕಿ. ಹೋಗೋರನ್ನ ಕೊನೇ ದಿನ ಕಾರಣ ಕೇಳೋ ಬದ್ಲು, ಈಗ ಇರೋರನ್ನೇ ಒಬ್ಬೊಬ್ರಾಗಿ ಕೂರಿಸ್ಕೊಂಡು ಯಾವ ಡ್ಯೂಟಿ ಕಷ್ಟ ಆಗ್ತಿದೆ ಅಂತ ಕೇಳಿ, ಹೇಳಿದ್ರಲ್ಲಿ ಒಂದನ್ನಾದ್ರೂ ಮುಂದಿನ ರೋಸ್ಟರ್‌ನಲ್ಲೇ ಸರಿ ಮಾಡಿ.