ಕಡತ: ಕಚೇರಿ ಫೈಲಿಗೂ ಹುಣಸೆ ಬೀಜಕ್ಕೂ ಇರುವ ನಂಟು

ಪ್ರಶ್ನೆ: ಫೈಲಿಗೆ ‘ಕಡತ’ ಎನ್ನುತ್ತೇವೆ. ಹಿಂದೆ ಕಡತವೆಂದರೆ ಕಪ್ಪು ಬಟ್ಟೆಯ ಪುಸ್ತಕ, ಅಳಿಸಿ ಮತ್ತೆ ಬರೆಯಬಹುದಿತ್ತು ಎಂದು ಈಚೆಗೆ ಓದಿದೆ. ಅಂಥ ಬರಹವನ್ನು ಲೆಕ್ಕಪತ್ರಕ್ಕೆ ನಂಬುತ್ತಿದ್ದರೇ?
– ಓದುಗರು, ಶಿವಮೊಗ್ಗ

ಉತ್ತರ: ನಂಬುತ್ತಿದ್ದರು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿ ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿದ ಮೇಲೆ ಕತ್ತರಿಸದೆ ಹಿಂದೆಮುಂದೆ ಮಡಿಚಿದರೆ ಕಡತ. ಬರೆಯುವುದು ಬಳಪದಲ್ಲಿ. ಮೈಸೂರಿನ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಅಳತೆ ಸಮೇತ ಬರೆದಿಟ್ಟಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಉಳ್ಳವರ ಕಡತಕ್ಕೆ ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ. ಇಲ್ಲದವರದಕ್ಕೆ ಬರೀ ದಾರ.

ನಿಮ್ಮ ಅನುಮಾನ ಟಿಪ್ಪು ಸುಲ್ತಾನನಿಗೂ ಇದ್ದಿರಬೇಕು. ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಅವನು ಕಟ್ಟುಮಾಡಿದ್ದನಂತೆ. ವರ್ತಕರು ಮಾತ್ರ ಬಿಡಲಿಲ್ಲ. ಅವರ ಕಡತವೊಂದರಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಒಪ್ಪಿದ್ದನ್ನು ವಿಲ್ಕ್ಸ್ ಕಣ್ಣಾರೆ ಕಂಡಿದ್ದ. ಕಲ್ಲು, ತಾಮ್ರ ಬಿಟ್ಟರೆ ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ ಎಂದೂ ಹೇಳುತ್ತಾನೆ. ಅದು ಸರಿಯಾದ ಮಾತು: ಇದ್ದಿಲೂ ಬಳಪವೂ ಬಣ್ಣಗೆಡುವುದಿಲ್ಲ, ಬಟ್ಟೆ ಓಲೆಗರಿಯ ಹಾಗೆ ಮುರಿಯುವುದಿಲ್ಲ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರವಾದದ್ದು ಇದರಿಂದಲೇ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಂದ ಮಾಡಿಸಬಹುದೇ?
– ಶಿಕ್ಷಕಿ, ಗದಗ

ಉತ್ತರ: ಧಾರಾಳವಾಗಿ, ಒಲೆಯ ಕೆಲಸ ಮಾತ್ರ ನಿಮ್ಮದಿರಲಿ. ಹುಣಸೆ ಬೀಜ ಹುರಿದು, ಕುಟ್ಟಿ, ಸಿಪ್ಪೆ ಕೇರಿ, ಬಿಳಿ ಬೇಳೆಯನ್ನು ನುಣ್ಣಗೆ ಪುಡಿ ಮಾಡಿ. 50 ಗ್ರಾಂ ಪುಡಿಯನ್ನು ಮೊದಲು ತಣ್ಣೀರಲ್ಲಿ ಕದಡಿ (ನೇರ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ), ಒಟ್ಟು ಮುಕ್ಕಾಲು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಅಂಟೂ ಇದೇ. ವಸ್ತ್ರಗಾಳಿತ ಮಾಡಿದ ಇದ್ದಿಲ ಪುಡಿಯನ್ನು ಈ ಅಂಟಿಗೆ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಒಗೆದು ಗಂಜಿ ತೆಗೆದ ಒತ್ತು ನೇಯ್ಗೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ತೆಳುವಾಗಿ ಬಳಿದು, ನೆರಳಲ್ಲಿ ಒಣಗಿಸಿ. ಹೀಗೆ ಮೂರು ಸಲ. ಕೊನೆಗೆ ನುಣುಪು ಕಲ್ಲಿನಿಂದ ತಿಕ್ಕಿ.

ಒಂದೇ ಸಲ ದಪ್ಪಗೆ ಬಳಿದರೆ ಮಡಿಕೆಯಲ್ಲಿ ಬಿರಿದು ಉದುರುತ್ತದೆ. ಮುಟ್ಟಿದಾಗ ಕೈ ಕರಿಯಾದರೆ ಅಂಟು ಸಾಲದು. ಬಳಪ ಜಾರಿ ಗೆರೆ ಮೂಡದಿದ್ದರೆ ಅಂಟು ಹೆಚ್ಚಾಗಿದೆ. ಬರೆಯಲು ಕಲ್ಲಿನ ಬಳಪವೇ ಆಗಬೇಕು. ಸೀಮೆಸುಣ್ಣ ಕೊಡವಿದರೆ ಉದುರಿಹೋಗುತ್ತದೆ.

ಪ್ರಶ್ನೆ: ಅಟ್ಟದಲ್ಲಿ ಇಂಥದೇ ಕರಿ ಬಟ್ಟೆಯ ಕಟ್ಟು ಸಿಕ್ಕಿದೆ. ಶುಚಿ ಮಾಡುವುದು ಹೇಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ. ಅಂಟು ನೀರಿಗೆ ಮೆತ್ತಗಾಗುತ್ತದೆ, ಅಕ್ಷರವೆಲ್ಲ ಒರೆಸಿದ ಬಟ್ಟೆಗೆ ಬಂದುಬಿಡುತ್ತದೆ. ಹೊರಮೈಯ ಧೂಳನ್ನಷ್ಟೇ ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ, ಅಕ್ಷರದ ಮೇಲೆ ಆಡಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಪಸೆ ನಿಂತು ಬೂಷ್ಟು ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬೀಜದ ಅಂಟೆಂದರೆ ಹುಳುವಿಗೆ ಆಹಾರ, ಆಗಾಗ ತೆಗೆದು ನೋಡುತ್ತಿರಿ. ಎಲ್ಲಕ್ಕೂ ಮೊದಲು ಒಂದೊಂದೇ ಮಡಿಕೆ ಬಿಡಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು, ಅನುಕ್ರಮವಾಗಿ ಫೋಟೊ ತೆಗೆಯಿರಿ. ಬಟ್ಟೆಯ ಎರಡೂ ಮೈಗೆ ಬರೆಯುತ್ತಿದ್ದರು, ಹಿಂಬದಿಯನ್ನೂ ಬಿಡಬೇಡಿ.