ಚಿಕ್ಕಂದಿನ ಹಾಡು ಜೊತೆಗೆ ಬರಬೇಕಾದರೆ

ನಿಮ್ಮ ಪ್ರಶ್ನೆ ಎರಡು. ಹೊಸ ದೇಶಕ್ಕೆ ಬಂದಿಳಿದ ಮೇಲೆ, ಶಾಲೆಯ ದಿನಗಳಿಂದ ಕೂಡಿಸಿಟ್ಟ ಪಾಪ್ ಹಾಡುಗಳ ಪಟ್ಟಿಯಲ್ಲಿ ಅರ್ಧದಷ್ಟು ಮಸುಕಾಗಿವೆ, ಒತ್ತಿದರೆ ನುಡಿಯುತ್ತಿಲ್ಲ, ಏನು ಮಾಡಲಿ ಎಂಬುದು ಒಂದು. ನುಡಿಯುವ ಹಾಡುಗಳನ್ನು ಕೇಳಿದರೆ ಗಂಟಲುಬ್ಬಿ ಬರುತ್ತದೆ, ಕೇಳುವುದನ್ನೇ ಬಿಡಲೇ ಎಂಬುದು ಇನ್ನೊಂದು. ಬಿಡಬೇಡಿ, ಆದರೆ ದಿನವಿಡೀ ಕೇಳಲೂ ಬೇಡಿ. ಕಾರಣಕ್ಕೆ ಆಮೇಲೆ ಬರೋಣ, ಮೊದಲು ಪಟ್ಟಿಯ ಕೆಲಸ.

ಹಾಡುಗಳ ಹಕ್ಕು ದೇಶದಿಂದ ದೇಶಕ್ಕೆ ಬೇರೆ ಬೇರೆಯವರ ಕೈಯಲ್ಲಿರುತ್ತದೆ. ಆ್ಯಪ್‌ನವರು ಒಂದು ದೇಶದಲ್ಲಿ ಪಡೆದ ಅನುಮತಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಹಾಗಂತ ಬಂದ ದಿನವೇ ಖಾತೆಯ ದೇಶ ಬದಲಿಸಲು ಹೋಗಬೇಡಿ. ಸ್ಪಾಟಿಫೈನ ಉಚಿತ ಖಾತೆಗೆ ಬೇರೆ ದೇಶದಲ್ಲಿ 14 ದಿನದ ಅವಕಾಶವಿದೆ. ಪಟ್ಟಿ ಬರೆದಿಟ್ಟುಕೊಳ್ಳಲು ಅಷ್ಟು ಸಾಕು. ಆ್ಯಪಲ್ ಖಾತೆಯಲ್ಲಿ ಹಣ ಉಳಿದಿದ್ದರೆ ಅದು ಖರ್ಚಾಗುವ ತನಕ ದೇಶ ಬದಲಾಗುವುದೇ ಇಲ್ಲ. ಹಿಂದೆ ಕೊಂಡ ಹಾಡುಗಳಿದ್ದರೆ ಬದಲಿಸುವ ಮುಂಚೆ ಇಳಿಸಿಕೊಳ್ಳಿ. ಯೂಟ್ಯೂಬ್ ಪಟ್ಟಿಯದ್ದು ಇನ್ನೊಂದು ತಲೆನೋವು: ವಿಡಿಯೊ ತೆಗೆದುಹಾಕಿದರೆ ಹೆಸರೂ ಹೋಗುತ್ತದೆ, ಯಾವ ಹಾಡಿತ್ತು ಎಂಬ ಗುರುತೇ ಉಳಿಯುವುದಿಲ್ಲ. ಖಾತೆಯ ಮಾಹಿತಿಯನ್ನು ಇಳಿಸಿಕೊಂಡರೂ ಅದರಲ್ಲಿ ಸಿಗುವುದು ವಿಡಿಯೊದ ಗುರುತಿನ ಅಕ್ಷರಗಳು, ಹಾಡಿನ ಹೆಸರಲ್ಲ. ಆದ್ದರಿಂದ ಕೈಯಾರೆ ಬರೆಯಿರಿ: ಹಾಡು, ಹಾಡಿದವರು, ಆಲ್ಬಮ್, ವರ್ಷ, ಎಷ್ಟು ನಿಮಿಷ ಎಷ್ಟು ಸೆಕೆಂಡು.

ಸೆಕೆಂಡು ಯಾಕೆ ಎಂದರೆ, ಒಂದೇ ಹೆಸರಿನಲ್ಲಿ ನಾಲ್ಕಾರು ಧ್ವನಿಮುದ್ರಣ ಇರುವುದು ಸಾಮಾನ್ಯ. ರೇಡಿಯೋಗೆಂದು ಕತ್ತರಿಸಿದ್ದು, ಪೂರ್ತಿ ಇರುವುದು, ವೇದಿಕೆಯಲ್ಲಿ ಹಾಡಿದ್ದು, ಹಳೆಯ ಕಂಪನಿಯೊಂದಿಗೆ ಹಕ್ಕಿನ ಜಗಳವಾಗಿ ಅದೇ ಗಾಯಕರು ವರ್ಷಗಳ ಮೇಲೆ ಮತ್ತೆ ಹಾಡಿದ್ದು. ಕೊನೆಯದು ಮೋಸ ಮಾಡುತ್ತದೆ. ಎಲ್ಲ ಸರಿಯಾಗಿಯೇ ಇರುತ್ತದೆ, ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ ಬೇರೆ. ನೆನಪು ಅಲ್ಲೇ ಕಳಚಿಕೊಳ್ಳುತ್ತದೆ. ಕಂಪನಿಗಳು ಹೊರತಂದ ಬಹುತೇಕ ಧ್ವನಿಮುದ್ರಣಗಳಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಗುರುತು ಇರುತ್ತದೆ. ಸಿಕ್ಕರೆ ಅದನ್ನೂ ಬರೆದಿಡಿ. ಹೆಸರೇ ಗೊತ್ತಿಲ್ಲದ ಹಾಡಾದರೆ ಗೂಗಲ್‌ಗೆ 10-15 ಸೆಕೆಂಡು ಗುನುಗಿ ತೋರಿಸಿ. 2020ರಿಂದ ಈ ಸೌಲಭ್ಯವಿದೆ. ಪಲ್ಲವಿಯನ್ನೇ ಗುನುಗಿ, ನಡುವಿನ ವಾದ್ಯದ ತುಣುಕನ್ನಲ್ಲ.

ಆ್ಯಪ್‌ನೊಳಗೆ ಡೌನ್‌ಲೋಡ್ ಮಾಡಿಟ್ಟದ್ದನ್ನು ನಂಬಿ ಕೂರಬೇಡಿ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಮುಟ್ಟಿಸದಿದ್ದರೆ ಅವು ನುಡಿಯುವುದಿಲ್ಲ, ಚಂದಾ ನಿಲ್ಲಿಸಿದ ಮೇಲಂತೂ ಮುಗಿಯಿತು. ನಿಜವಾಗಿ ನಿಮ್ಮದೆನ್ನಿಸಬೇಕಾದ ಹತ್ತು ಹನ್ನೆರಡು ಹಾಡನ್ನು ಕೊಂಡು ಫೈಲ್ ಆಗಿಯೇ ಇಟ್ಟುಕೊಳ್ಳಿ.

ಮನೆಯ ಅಟ್ಟದ ಮೇಲೆ ಕ್ಯಾಸೆಟ್‌ಗಳಿವೆ, ಮುಂದಿನ ರಜೆಯಲ್ಲಿ ತರಲೇ ಎಂದೂ ಕೇಳಿದ್ದೀರಿ. ತನ್ನಿ, ಕೈಚೀಲದಲ್ಲೇ ತನ್ನಿ. ತಪಾಸಣೆಯ ಎಕ್ಸ್-ರೇಯಿಂದ ಟೇಪಿಗೆ ತೊಂದರೆಯಿಲ್ಲ. ಅಯಸ್ಕಾಂತ ಮತ್ತು ಬಿಸಿಲಿನಲ್ಲಿ ನಿಂತ ಕಾರು ಇವೆರಡೂ ಅದರ ಶತ್ರುಗಳು. ಅದಕ್ಕಿಂತ ಒಳ್ಳೆಯದು ಅಲ್ಲಿಯೇ ಕಂಪ್ಯೂಟರಿಗೆ ಇಳಿಸಿಕೊಂಡು ಬರುವುದು.

ಇಳಿಸುವ ಮುಂಚೆ ಕ್ಯಾಸೆಟ್ಟಿನ ಮೇಲಂಚಿನ ಎರಡೂ ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗುವುದಿಲ್ಲ. ವರ್ಷಗಟ್ಟಲೆ ಸುತ್ತಿಟ್ಟ ಟೇಪು ಬಿಗಿದುಕೊಂಡಿರುತ್ತದೆ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. 120 ನಿಮಿಷದ ಸಿ-120 ಕ್ಯಾಸೆಟ್ ಆದರೆ ಓಡಿಸಬೇಡಿ, ಅದರ ಟೇಪು ತೀರಾ ತೆಳು, ಎಳೆದುಕೊಂಡು ಸಿಕ್ಕಾಗುತ್ತದೆ. ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡನ್ನೂ ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಆರಿದ ಮೇಲೆಯೇ ಕ್ಯಾಸೆಟ್ ಹಾಕಿ. ಶಬ್ದ ಬಂದು ಬಂದು ಹೋಗುತ್ತಿದ್ದರೆ ಒಳಗಿನ ಬಟ್ಟೆಯ ಪುಟ್ಟ ಪ್ಯಾಡ್ ಉದುರಿದೆಯೇ ನೋಡಿ. ಅದರ ಅಂಟು ಒಣಗಿ ಬಿಡುವುದು ಮಾಮೂಲಿ. ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ಬದಲಾಯಿಸಿದರೆ ಸರಿಹೋಗುತ್ತದೆ.

ಎಲ್ಲ ಸರಿಯಿದ್ದೂ ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿದರೆ ತಪ್ಪು ಹೆಡ್ಡಿನ ಓರೆಯಲ್ಲಿದೆ, ಇದಕ್ಕೆ ಅಜಿಮತ್ ಎನ್ನುತ್ತಾರೆ. ಅಣ್ಣನೋ ಅಕ್ಕನೋ ಬೇರೆ ಯಂತ್ರದಲ್ಲಿ ತುಂಬಿಸಿದ ಟೇಪಿನಲ್ಲಿ ಇದು ಬಹಳ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಇರುತ್ತದೆ. ಎರಡೂ ಚಾನೆಲ್ ಸೇರಿಸಿ ಮೋನೊದಲ್ಲಿ ಕೇಳುತ್ತಾ, ತಾಳದ ಚಿಲುಚಿಲು ಅತ್ಯಂತ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಡೆಕ್ಕಿನ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರದ, ಲೈನ್ ಔಟ್‌ನಿಂದ ಶಬ್ದವನ್ನು ಕಂಪ್ಯೂಟರಿಗೆ ಒಯ್ಯುವ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ ಕೊಡಿ. ಲ್ಯಾಪ್‌ಟಾಪಿನ ಒಂಟಿ ತೂತಿಗೆ ಚುಚ್ಚಿದರೆ ಅದು ಸಾಮಾನ್ಯವಾಗಿ ಮೈಕ್ ಎಂದುಕೊಂಡು ಮೋನೊ ಮಾತ್ರ ತೆಗೆದುಕೊಳ್ಳುತ್ತದೆ, ಕರಕರ ಬೇರೆ. ಅಂಗೈಯಗಲದ ಅಗ್ಗದ ಯುಎಸ್‌ಬಿ ಪ್ಲೇಯರುಗಳಲ್ಲಿ ವೇಗ ನಿಲ್ಲುವುದಿಲ್ಲ, ಸ್ವರ ಅಲೆಯಂತೆ ತೂಗುತ್ತದೆ. ಧ್ವನಿಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟು, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತುಂಬಿಸಿ. 60 ನಿಮಿಷದ ಒಂದು ಸಿ-60ಕ್ಕೆ ಸುಮಾರು 1 ಜಿಬಿ ಹಿಡಿಯುತ್ತದೆ. ಡಾಲ್ಬಿ ಎಂಬುದು ಟೇಪಿನ ಗದ್ದಲ ತಗ್ಗಿಸುವ ವ್ಯವಸ್ಥೆ, ಅದನ್ನು ಹಾಕಿ ತುಂಬಿಸಿದ ಟೇಪಿಗೆ ಮಾತ್ರ ಡಾಲ್ಬಿ ಒತ್ತಿ. ಗುಯ್ ಎನ್ನುವ ಸದ್ದನ್ನು ತೆಗೆಯುವ ಆಸೆಯಾದರೆ ಒಂದು ನಕಲಿನ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ಎರಡು ಹಾಡಿನ ನಡುವಿನ ಖಾಲಿ ಜಾಗವನ್ನೂ ಕತ್ತರಿಸಬೇಡಿ. ಮುಂದಿನ ಹಾಡು ಯಾವುದೆಂದು ಮನಸ್ಸು ತಾನೇ ಎತ್ತಿಕೊಳ್ಳುವುದು ಆ ಮೌನದಲ್ಲಿ.

ಟೇಪಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. 4 ನಿಮಿಷದ ಹಾಡು 3 ನಿಮಿಷ 53 ಸೆಕೆಂಡಿಗೇ ಮುಗಿದರೆ ಯಂತ್ರ ಶೇಕಡಾ 3ರಷ್ಟು ಜೋರಾಗಿ ಓಡುತ್ತಿದೆ, ಶ್ರುತಿ ಅರ್ಧ ಸ್ವರದ ಅರ್ಧದಷ್ಟು ಏರಿದೆ. ಸರಿಪಡಿಸಬಹುದು, ಆದರೆ ಮನೆಯ ಹಳೆಯ ಪ್ಲೇಯರೇ ಜೋರಾಗಿ ಓಡುತ್ತಿದ್ದರೆ ನಿಮ್ಮ ಕಿವಿಗೆ ಸರಿಯೆನ್ನಿಸುವುದು ಆ ಏರಿದ ಶ್ರುತಿಯೇ. ಎರಡನ್ನೂ ಇಟ್ಟುಕೊಳ್ಳಿ. ರೆಕಾರ್ಡ್ ಪ್ಲೇಯರ್ ತರುವ ಯೋಚನೆಯಿದ್ದರೆ ಎಚ್ಚರ: ಕೆಲವು ಹಳೆಯ ಯಂತ್ರಗಳ ಮೋಟಾರು ಕರೆಂಟಿನ ಆವರ್ತನವನ್ನೇ ನಂಬಿ ತಿರುಗುತ್ತದೆ. 50 ಹರ್ಟ್ಸ್‌ನದು 60 ಹರ್ಟ್ಸ್ ಇರುವ ದೇಶದಲ್ಲಿ ಶೇಕಡಾ 20 ಜೋರಾಗಿ ಓಡಿ ಎಲ್ಲರನ್ನೂ ಚಿಕ್ಕ ಮಕ್ಕಳ ದನಿಯಲ್ಲಿ ಹಾಡಿಸುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಆವರ್ತನವನ್ನಲ್ಲ.

ಇನ್ನು ಗಂಟಲುಬ್ಬುವ ವಿಷಯ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಬೇರೆ ವಯಸ್ಸಿನವಕ್ಕಿಂತ ದಟ್ಟವಾಗಿ ಉಳಿಯುತ್ತವೆ, ಹಾಡು ಅವನ್ನು ಕರೆದು ತರುವ ಸುಳುಹು. ಆದರೆ ಒಂದು ಸುಳುಹಿಗೆ ತಗುಲಿಹಾಕಿದ ನೆನಪುಗಳು ಹೆಚ್ಚಾದಷ್ಟೂ ಒಂದೊಂದನ್ನೂ ಎಳೆಯುವ ಅದರ ಶಕ್ತಿ ಇಳಿಯುತ್ತದೆ. ಮನಶ್ಶಾಸ್ತ್ರದಲ್ಲಿ ಇದು ಹಳೆಯ, ಗಟ್ಟಿಯಾದ ಮಾತು. ಶಾಲೆಯ ಬಸ್ಸಿನ ಹಾಡನ್ನು ಇಲ್ಲಿ ದಿನಾ ಕೆಲಸಕ್ಕೆ ಹೋಗುತ್ತಾ ಕೇಳಿದರೆ, ವರ್ಷ ಕಳೆಯುವುದರಲ್ಲಿ ಅದು ಇಲ್ಲಿನ ರೈಲಿನ ಹಾಡಾಗಿರುತ್ತದೆ. ಅಲಾರಾಂಗೆ ಅದನ್ನಿಡುವುದಂತೂ ಹಾಡನ್ನು ಕೊಲ್ಲುವುದೇ ಸರಿ. ಪಾತ್ರೆ ತೊಳೆಯಲು, ನಡೆಯಲು, ಕಾಯಲು ಇಲ್ಲಿನ ರೇಡಿಯೋ ಹಾಕಿಕೊಳ್ಳಿ. ಹಳೆಯವನ್ನು ವಾರಕ್ಕೊಮ್ಮೆ, ಬೇರೆ ಕೆಲಸವಿಲ್ಲದೆ ಕೂತು, ಮೂರು ನಾಲ್ಕು ಕೇಳಿ.

ಚಿಕ್ಕವರಿದ್ದಾಗ ತಪ್ಪಾಗಿ ಕೇಳಿಸಿಕೊಂಡು ಹಾಡುತ್ತಿದ್ದ ಸಾಲುಗಳ ಸರಿಯಾದ ಸಾಹಿತ್ಯವನ್ನು ಹುಡುಕಲು ಹೋಗುವ ಮುಂಚೆ ನಿಮ್ಮ ತಪ್ಪು ಸಾಲನ್ನು ಬರೆದಿಟ್ಟುಕೊಳ್ಳಿ. ಒಮ್ಮೆ ಸರಿಯಾದದ್ದನ್ನು ಓದಿದ ಮೇಲೆ ಕಿವಿ ಹಳೆಯದನ್ನು ಮತ್ತೆ ಕೇಳಿಸಿಕೊಳ್ಳುವುದಿಲ್ಲ. ಫೈಲಿನ ಟಿಪ್ಪಣಿಯ ಜಾಗದಲ್ಲೇ ಬರೆಯಬಹುದು, ಯಾರ ಟೇಪು, ಯಾವ ಕೋಣೆ ಎಂಬುದರ ಜೊತೆಗೆ. ಆ ಟಿಪ್ಪಣಿ ಹಾಡಿನ ಜೊತೆಯೇ ಇರುತ್ತದೆ, ಫೋನ್ ಬದಲಾದರೂ.