ಸ್ಲ್ಯಾಬಿನೊಳಗಿನ ರೂಪಾಯಿಗೆ ಇನ್ನೊಬ್ಬರ ಅಭಿಪ್ರಾಯ

ಬಸವನಗುಡಿಯ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದು ಕೋರಿದ್ದಾರೆ):

"ಕೆಲವು ವರ್ಷಗಳ ಹಿಂದೆ ಹರಾಜಿನಲ್ಲಿ 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿಯೊಂದನ್ನು ಕೊಂಡೆ. ಅಮೆರಿಕದ ಗ್ರೇಡಿಂಗ್ ಕಂಪನಿಯ ಸ್ಲ್ಯಾಬ್, ಅಂದರೆ ದರ್ಜೆ ಗೊತ್ತುಮಾಡಿ ಮೊಹರು ಮಾಡಿಕೊಟ್ಟ ಪ್ಲಾಸ್ಟಿಕ್ ಡಬ್ಬಿ. ಲೇಬಲ್ ಮೇಲೆ ಎಂಎಸ್ 62 (ಎಂಎಸ್ ಎಂದರೆ ಚಲಾವಣೆಗೇ ಬಾರದ ನಾಣ್ಯ) ಎಂದಿದೆ. ಈಚೆಗೆ ಅವೆನ್ಯೂ ರಸ್ತೆಯಲ್ಲಿ ಪರಿಚಯದ ವ್ಯಾಪಾರಿಗೆ ತೋರಿಸಿದೆ. 'ಇದು ಎಯು 58ರ ಮೇಲೆ ಹೋಗಲ್ಲ ಸಾರ್, ಯಾವಾಗಲೋ ತೊಳೆದೂ ಇದ್ದಾರೆ. ಕೊಡೋದಾದ್ರೆ ನಾನೇ ತಗೋತೀನಿ' ಅಂದರು. (ಎಯು ಎಂದರೆ ತುಸು ಸವೆದದ್ದು.) ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಡಬ್ಬಿ ಒಡೆದು ಬೇರೆ ಕಂಪನಿಗೆ ಕಳಿಸು ಎನ್ನುತ್ತಾನೆ ತಮ್ಮ. ನ್ಯೂಜೆರ್ಸಿಯಲ್ಲಿರುವ ಮಗ ಡಿಸೆಂಬರಿಗೆ ಬರುತ್ತಾನೆ, ಅವನ ಕೈಲಿ ಕೊಟ್ಟು ಕಳಿಸಲೇ? ಗ್ರೇಡ್ ಆದ ನಾಣ್ಯವನ್ನು ಅಲ್ಲಿ ಮತ್ತೆ ಪರೀಕ್ಷಿಸಿ ಹಸಿರು ಸ್ಟಿಕರ್ ಹಚ್ಚಿಕೊಡುತ್ತಾರಂತೆ, ನಿಜವೇ? ಅಮ್ಮನ ದೇವರ ಪೆಟ್ಟಿಗೆಯಲ್ಲೂ ಇಂಥ ಕೆಲವು ರೂಪಾಯಿಗಳಿವೆ. ಅವನ್ನೂ ಗ್ರೇಡ್ ಮಾಡಿಸಬೇಕೇ?"

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಮಗನ ವಿಷಯ ಮುಗಿಸಿಬಿಡೋಣ. ಆ ನಾಣ್ಯವನ್ನು ದಯವಿಟ್ಟು ಅವರ ಕೈಗೆ ಕೊಡಬೇಡಿ. ನಮ್ಮಲ್ಲಿ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಇದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನು ಅದು ಪುರಾತನ ವಸ್ತು ಎನ್ನುತ್ತದೆ, ಆ ಪಟ್ಟಿಯಲ್ಲಿ ನಾಣ್ಯದ ಹೆಸರನ್ನೂ ಹೇಳಿದೆ. ಇಂಥ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಗೊತ್ತುಮಾಡಿದ ಸಂಸ್ಥೆಗೆ ಮಾತ್ರ. ಖಾಸಗಿಯವರು ಕೈಚೀಲದಲ್ಲಿ ಒಯ್ದರೂ, ಕೊರಿಯರ್‌ನಲ್ಲಿ ಕಳಿಸಿದರೂ ಅಪರಾಧವೇ. 'ಸ್ಲ್ಯಾಬ್ ಬಂದದ್ದೇ ಅಲ್ಲಿಂದ, ಅಲ್ಲಿಗೇ ಕಳಿಸಿದರೇನು' ಎಂದು ಅನೇಕ ಸಂಗ್ರಾಹಕರು ಕೇಳುತ್ತಾರೆ. ಡಬ್ಬಿ ಅಮೆರಿಕದ್ದಾದರೂ ಒಳಗಿನ ನಾಣ್ಯದ ವಯಸ್ಸು ನೂರನ್ನು ಎಂದೋ ದಾಟಿದೆ. ವಿಮಾನ ನಿಲ್ದಾಣದಲ್ಲಿ ಮಗನನ್ನು ನಿಲ್ಲಿಸಿಕೊಂಡರೆ ಆಗುವ ಪಾಡು ಒಂದು ಗ್ರೇಡಿಗಾಗಿ ಪಡುವಂಥದ್ದಲ್ಲ. ಐದನೇ ಜಾರ್ಜ್‌ನ 1911ರಿಂದ 1922ರವರೆಗಿನ ರೂಪಾಯಿಗಳಿಗೂ ಈಗ ನೂರು ತುಂಬಿದೆ. ಆರನೇ ಜಾರ್ಜ್‌ನ 1938ರಿಂದೀಚಿನವು ಸದ್ಯಕ್ಕೆ ಆ ಗೆರೆಯ ಈಚೆಗಿವೆ. ಕಾಯ್ದೆಯ ಬಗ್ಗೆ ಅನುಮಾನವಿದ್ದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬೆಂಗಳೂರು ವೃತ್ತದ ಕಚೇರಿ ಇದೆ, ಅಲ್ಲೇ ವಿಚಾರಿಸಿ. ನಾಣ್ಯದ ಗ್ರೇಡ್ ಹೇಳುವುದು ಅವರ ಕೆಲಸವಲ್ಲ, ಅದನ್ನು ಅಲ್ಲಿ ಕೇಳಬೇಡಿ.

ಹಸಿರು ಸ್ಟಿಕರ್ ಇರುವುದು ನಿಜ. ಜಾನ್ ಆಲ್ಬನೀಸ್ ಎಂಬುವರು 2007ರಲ್ಲಿ ಶುರುಮಾಡಿದ ಸಿಎಸಿ ಎಂಬ ಸಂಸ್ಥೆಯದು ಅದು. ಗ್ರೇಡ್ ಆದ ನಾಣ್ಯವನ್ನು ಡಬ್ಬಿ ಒಡೆಯದೆ ನೋಡಿ, ಲೇಬಲ್ ಹೇಳುವ ದರ್ಜೆಗೆ ನಾಣ್ಯ ಗಟ್ಟಿಯಾಗಿ ನಿಲ್ಲುತ್ತದೆ ಅನ್ನಿಸಿದರೆ ಹಸಿರು ಅಂಟಿಸುತ್ತಾರೆ. ದರ್ಜೆ ಕಡಿಮೆಯೇ ಆಯಿತು ಅನ್ನಿಸಿದರೆ ಚಿನ್ನದ ಬಣ್ಣದ್ದು. ಎರಡೂ ಇಲ್ಲದಿದ್ದರೆ ಹಾಗೇ ವಾಪಸ್. ಈ ಸೌಲಭ್ಯ ಅಮೆರಿಕದ ನಾಣ್ಯಗಳಿಗೆ ಮಾತ್ರ, ನಿಮ್ಮ ರೂಪಾಯಿಗೆ ಸಿಗುವುದಿಲ್ಲ. ಆದರೆ ಆ ಏರ್ಪಾಡು ಹುಟ್ಟಿದ ಕಾರಣ ನಮಗೆ ಮುಖ್ಯ. ಇದೇ ಆಲ್ಬನೀಸ್ 1986ರಲ್ಲಿ ಶುರುವಾದ ಪಿಸಿಜಿಎಸ್ ಎಂಬ ಗ್ರೇಡಿಂಗ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು, ಮರುವರ್ಷ ಎನ್‌ಜಿಸಿ ಶುರುಮಾಡಿದವರು. ಗ್ರೇಡಿಂಗ್ ಕಂಪನಿಗಳನ್ನು ಕಟ್ಟಿದ ಮನುಷ್ಯನಿಗೇ ಒಂದೇ ಅಂಕೆಯ ಎರಡು ನಾಣ್ಯಗಳು ಸಮನಲ್ಲ, ಲೇಬಲ್ ನೋಡಿ ಕೊಂಡರೆ ಸಾಲದು ಅನ್ನಿಸಿತು. ಹಾಗಾಗಿ ನಿಮ್ಮ ಅನುಮಾನಕ್ಕೆ ನಾಚಿಕೊಳ್ಳಬೇಕಾದ್ದಿಲ್ಲ.

ಲೇಬಲ್ ಮೇಲಿನ ಅಂಕೆ ತೂಕದ ಹಾಗೆ ಅಳೆದು ಪಡೆದದ್ದಲ್ಲ. ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರ ಈ ಮಾಪನ ಮಾಡಿದಾಗ ಅದು ಬೆಲೆಯ ಲೆಕ್ಕವೂ ಆಗಿತ್ತು: 70ರ ನಾಣ್ಯಕ್ಕೆ 1ರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ. ಆ ಬೆಲೆಯ ಲೆಕ್ಕ ಬಿದ್ದುಹೋಯಿತು, ಅಂಕೆಗಳು ಮಾತ್ರ ಉಳಿದವು. ಇವತ್ತು ಒಬ್ಬರಿಗಿಂತ ಹೆಚ್ಚು ಪರಿಣತರು ನೋಡಿ ಒಂದು ಅಂಕೆಗೆ ಬರುತ್ತಾರೆ. ಅವರು ಕಲಿತವರು, ದಿನವಿಡೀ ಅದನ್ನೇ ಮಾಡುವವರು. ಆದರೂ ಅದು ಅಭಿಪ್ರಾಯವೇ. ಅದೇ ನಾಣ್ಯ ಇನ್ನೊಂದು ದಿನ ಅದೇ ಮೇಜಿಗೆ ಬಂದರೆ ಒಂದು ಅಂಕೆ ಆಚೀಚೆ ಆಗಬಹುದು.

ಅದರಲ್ಲೂ ನಿಮ್ಮ ನಾಣ್ಯ ನಿಂತಿರುವುದು ಅತಿ ಹೆಚ್ಚು ಜಗಳ ನಡೆಯುವ ಜಾಗದಲ್ಲಿ. 60 ಮತ್ತು ಅದಕ್ಕೆ ಮೇಲ್ಪಟ್ಟದ್ದೆಂದರೆ ಚಲಾವಣೆಗೇ ಬಾರದ ನಾಣ್ಯ, 58 ಎಂದರೆ ಚೂರೇಚೂರು ಸವೆದದ್ದು. ಹೇಳುವುದು ಸುಲಭ. ಆದರೆ ಹಳೆಯ ಬೆಳ್ಳಿ ನಾಣ್ಯ ಯಾರದೋ ಬೀರುವಿನ ಡ್ರಾಯರಿನಲ್ಲಿ ಅರ್ಧ ಶತಮಾನ ಆಚೀಚೆ ಜಾರಿದ್ದರೂ ಕೆನ್ನೆಯ ಮೇಲೆ ಒಂದಿಷ್ಟು ಉಜ್ಜಿರುತ್ತದೆ. ಅಷ್ಟನ್ನು ಕೆಲವರು ಮನ್ನಿಸಿ 61, 62 ಕೊಡುತ್ತಾರೆ, ಕೆಲವರು ಒಪ್ಪುವುದಿಲ್ಲ. ಕಣ್ಣಿಗೆ ಎಷ್ಟೋ ಸಲ 58ರ ನಾಣ್ಯವೇ ಚೆಂದ. 62ರದ್ದು ಚೀಲದಲ್ಲಿ ಒಂದಕ್ಕೊಂದು ಬಡಿದು ಮುಖದ ತುಂಬ ಗಾಯ ಮಾಡಿಕೊಂಡಿರಬಹುದು. ನನ್ನನ್ನು ಕೇಳಿದರೆ ಹೊಳಪು ಚೆನ್ನಾಗಿರುವ 58ನ್ನು ಗಾಯಗೊಂಡ 61ಕ್ಕಿಂತ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಇನ್ನು ನಿಮ್ಮ ವ್ಯಾಪಾರಿಯ ಮಾತು. ಸಾವಿರಾರು ರೂಪಾಯಿಗಳನ್ನು ಕೈಯಲ್ಲಿ ಹಿಡಿದು ಪಳಗಿದವರ ಕಣ್ಣನ್ನು ತಳ್ಳಿಹಾಕಬಾರದು. ಆದರೆ ಅವರು ಹೇಳಿದ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಉಜ್ಜಿ ತೊಳೆದ ನಾಣ್ಯಕ್ಕೆ ಕಂಪನಿಗಳು ಸಾಮಾನ್ಯವಾಗಿ ಅಂಕೆಯನ್ನೇ ಕೊಡುವುದಿಲ್ಲ, 'ಎಯು ಡೀಟೇಲ್ಸ್, ಕ್ಲೀನ್ಡ್' (ವಿವರಗಳು ಎಯು ಮಟ್ಟದವು, ಆದರೆ ತೊಳೆದದ್ದು) ಎಂದು ಬರೆದು ಕಳಿಸುತ್ತವೆ. ಒಂದೋ ಇದು 58, ಇಲ್ಲವೇ ತೊಳೆದದ್ದು. ಎರಡಕ್ಕೂ ಬೆಲೆ ಬೇರೆ. ಮೇಲಾಗಿ ಅವರು ಕೊಳ್ಳಲು ಮುಂದೆ ಬಂದವರು. ಕೊಳ್ಳುವವರು ಹೇಳುವ ದರ್ಜೆ ಚೌಕಾಸಿಯ ಮೊದಲ ಮಾತೂ ಆಗಿರಬಹುದು. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರವೇ ಹಾಗೆ. ಆದರೆ ಅದನ್ನು ಎರಡನೇ ಅಭಿಪ್ರಾಯ ಎಂದು ಎಣಿಸಬೇಡಿ. ಮತ್ತೆ ಹೋದಾಗ ಒಂದೇ ಮಾತು ಕೇಳಿ: 'ಸವೆತ ಎಲ್ಲಿ ಕಾಣುತ್ತಿದೆ, ತೋರಿಸಿ.' ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಜಾಗ ತೋರಿಸಿದರೆ ಕಲಿಯಲು ಸಿಕ್ಕಿತು. ತೋರಿಸದಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಿ.

ಅದಕ್ಕೂ ಮುಂಚೆ ನೀವೇ ನೋಡಬೇಕು. ರಾತ್ರಿ ಹೊತ್ತು ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಮೇಜಿನ ಮೇಲೆ ಹಳದಿ ಬೆಳಕಿನ ಒಂದೇ ಬಲ್ಬು ಉರಿಸಿ. ಐದು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಸಾಕು. ಸ್ಲ್ಯಾಬನ್ನು ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸಿ. ಅಚ್ಚಿನಿಂದ ಬಂದ ಹೊಳಪು ಇದ್ದರೆ ನಾಣ್ಯದ ಬಯಲಿನ (ಚಿತ್ರವಿಲ್ಲದ ಖಾಲಿ ಜಾಗದ) ಮೇಲೆ ಬೆಳಕಿನ ಪಟ್ಟೆಗಳು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತವೆ. ಈಗ ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಮಣಿಗಳು, ರವಿಕೆಯ ಕಸೂತಿಯ ಉಬ್ಬು, ಇವಿಷ್ಟನ್ನು ನೋಡಿ. ಮೊದಲು ಸವೆಯುವುದು ಇವೇ. ಸುತ್ತುವ ಬೆಳಕು ಕೆನ್ನೆಯನ್ನೂ ದಾಟಿ ಹೋದರೆ ಸವೆತವಿಲ್ಲ. ಕೆನ್ನೆಗೆ ಬಂದಾಗ ಕಡಿದು, ಅಷ್ಟು ಜಾಗ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದರೆ ಅಲ್ಲಿ ಉಜ್ಜಿದೆ. ಕೂದಲಿನ ಎಳೆಗಳು ಚಪ್ಪಟೆಯಾಗಿದ್ದೂ ಹೊಳಪು ಉಳಿದಿದ್ದರೆ ಅದು ಸವೆತವಲ್ಲ, ಟಂಕಸಾಲೆಯಲ್ಲಿ ಅಚ್ಚೇ ಪೂರ್ತಿ ಬೀಳದೆ ಹೋದದ್ದು. ಅನುಭವಸ್ಥರೂ ಎಡವುವುದು ಇಲ್ಲಿಯೇ.

ತೊಳೆದದ್ದನ್ನು ಗುರುತಿಸಲು ಬಯಲನ್ನು ನೋಡಿ, ಮುಖದ ಮುಂದಿನ ಖಾಲಿ ಜಾಗ. ಬಟ್ಟೆಯಲ್ಲೋ ಪುಡಿಯಲ್ಲೋ ಉಜ್ಜಿದ್ದರೆ ಕೂದಲಿಗಿಂತ ತೆಳುವಾದ ಗೀರುಗಳು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಓಡಿರುತ್ತವೆ, ಒಂದು ಓರೆಯಲ್ಲಿ ಮಿಂಚಿ ಇನ್ನೊಂದರಲ್ಲಿ ಮಾಯವಾಗುತ್ತವೆ. ಪ್ಲಾಸ್ಟಿಕ್ ಮೇಲಿನ ಗೀರನ್ನು ನಾಣ್ಯದ್ದೆಂದು ತಿಳಿದು ಗಾಬರಿಯಾಗಬೇಡಿ. ಸ್ಲ್ಯಾಬ್ ಅಲುಗಿಸಿದಾಗ ನಾಣ್ಯದಿಂದ ಬೇರೆಯಾಗಿ, ಮೇಲೆ ತೇಲಿದಂತೆ ಸರಿಯುವುದು ಪ್ಲಾಸ್ಟಿಕ್ಕಿನದು. ಅಕ್ಷರಗಳ ಸಂದಿಯಲ್ಲಿ ಕಪ್ಪು ಉಳಿದು ಬಯಲು ಮಾತ್ರ ಬೆಳ್ಳಗೆ ಫಳಫಳ ಎನ್ನುತ್ತಿದ್ದರೂ ಅನುಮಾನ ಪಡಬಹುದು.

ಇನ್ನೊಂದು ಪರೀಕ್ಷೆ ಬಹಳ ಜನ ಬಿಟ್ಟುಬಿಡುತ್ತಾರೆ. ಡಬ್ಬಿಯೇ ಅಸಲಿಯೇ? ನಕಲಿ ಸ್ಲ್ಯಾಬುಗಳು ಮಾರುಕಟ್ಟೆಯಲ್ಲಿವೆ. ಲೇಬಲ್ ಮೇಲಿನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಸರಿಯಿದೆ ಎಂದಾಕ್ಷಣ ನಿಲ್ಲಿಸಬೇಡಿ, ನಕಲಿ ಮಾಡುವವರು ನಿಜವಾದ ಸಂಖ್ಯೆಯನ್ನೇ ಕದ್ದು ಹಾಕುತ್ತಾರೆ. ಅನೇಕ ನಾಣ್ಯಗಳಿಗೆ ಅಲ್ಲಿ ಫೋಟೋ ಸಿಗುತ್ತದೆ. ಅದರಲ್ಲಿ ಗಲ್ಲದ ಬಳಿ ಒಂದು ಚುಕ್ಕೆ ಗಾಯವಿದ್ದರೆ, ಅಂಚಿನ ಒಂದು ಅಕ್ಷರದ ಪಕ್ಕ ಕಂದು ಕಲೆಯಿದ್ದರೆ, ಅವೇ ನಿಮ್ಮ ನಾಣ್ಯದಲ್ಲೂ ಅದೇ ಜಾಗದಲ್ಲಿ ಇರಬೇಕು. ಇರದಿದ್ದರೆ 62ರದೋ 58ರದೋ ಎಂಬ ಚರ್ಚೆಗೇ ಅರ್ಥವಿಲ್ಲ. ಅಸಲಿಯೇ ಎಂಬುದು ಮೊದಲ ಪ್ರಶ್ನೆ, ದರ್ಜೆ ಎರಡನೆಯದು, ಬೆಲೆ ಮೂರನೆಯದು. ನೀವು ಮೂರನ್ನೂ ಒಂದೇ ಉಸಿರಿಗೆ ಒಬ್ಬರನ್ನೇ ಕೇಳಿದ್ದರಿಂದ ಇಷ್ಟು ಸಂಕಟವಾಗಿದೆ.

ಹಿಂಬದಿಯಲ್ಲಿ ಇಸವಿಯ ಆಸುಪಾಸು ಸಣ್ಣ ಚುಕ್ಕೆಗಳಿವೆಯೇ ಎಂದೂ ಎಣಿಸಿ. 1862ರ ರೂಪಾಯಿ ಆ ಒಂದೇ ವರ್ಷದ್ದಲ್ಲ. ಅದೇ ಇಸವಿ ಹೊತ್ತು ವರ್ಷಗಟ್ಟಲೆ ಅಚ್ಚಾಗುತ್ತಲೇ ಇತ್ತು, ನಿಜವಾದ ವರ್ಷ ಹಾಕತೊಡಗಿದ್ದು 1874ರಿಂದ. ನಡುವಿನ ಕಾಲದ್ದನ್ನು ಗುರುತಿಸಲು ಸಂಗ್ರಾಹಕರು ಈ ಚುಕ್ಕೆಗಳನ್ನೂ, ರಾಣಿಯ ಚಿತ್ರದ ಸಣ್ಣಪುಟ್ಟ ವ್ಯತ್ಯಾಸಗಳನ್ನೂ ನೋಡುತ್ತಾರೆ. ಬರಿದೇ '1862' ಎಂದು ಬರೆದ ಲೇಬಲ್ ಇದಾವುದನ್ನೂ ಹೇಳುವುದಿಲ್ಲ. ಒಂದು ಅಂಕೆಯ ದರ್ಜೆಗಿಂತ ಹೆಚ್ಚಿನ ಬೆಲೆ ಕೆಲವೊಮ್ಮೆ ಇಲ್ಲಿ ಅಡಗಿರುತ್ತದೆ.

ಇಷ್ಟಾದ ಮೇಲೆ ಬೇರೆಯವರಿಗೆ ತೋರಿಸಿ. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನಗಳು ನಡೆಯುತ್ತಿರುತ್ತವೆ. ಹರಾಜಿನ ಹಿಂದಿನ ವೀಕ್ಷಣೆಗೂ ಹೋಗಬಹುದು. ಅಲ್ಲಿ 1862ರದೇ ಬೇರೆ ಸ್ಲ್ಯಾಬುಗಳು ಸಿಕ್ಕರೆ ಒಂದು 58, ಒಂದು 62, ಒಂದು 64 ಕೈಗೆ ತೆಗೆದುಕೊಂಡು ನೋಡಿ ಬನ್ನಿ. ಕೊಳ್ಳುವ ಉದ್ದೇಶವಿಲ್ಲದ ಹಿರಿಯ ಸಂಗ್ರಾಹಕರೊಬ್ಬರನ್ನು ಹಿಡಿಯಿರಿ, ಲೇಬಲ್ ಮೇಲೆ ಬೆರಳಿಟ್ಟು ಮುಚ್ಚಿ ನಾಣ್ಯ ಮಾತ್ರ ತೋರಿಸಿ. ಅಂಕೆ ಕಂಡ ಮೇಲೆ ಯಾರ ಕಣ್ಣೂ ಸ್ವತಂತ್ರವಾಗಿ ಉಳಿಯುವುದಿಲ್ಲ. ವ್ಯಾಪಾರಿಯ ಮಾತನ್ನು ಅವರಿಗೆ ಮೊದಲೇ ಹೇಳಬೇಡಿ.

ತಮ್ಮನವರ ಸಲಹೆ ಬೇಡವೇ ಬೇಡ. ಸ್ಲ್ಯಾಬ್ ಒಡೆದರೆ ಕಂಪನಿ ಕೊಟ್ಟ ಖಾತರಿ ಅಲ್ಲಿಗೆ ಮುಗಿಯಿತು, ಒಡೆಯುವಾಗ ಕೈ ತಪ್ಪಿದರೆ ನಾಣ್ಯಕ್ಕೂ ಏಟು. ಅಮೆರಿಕದಲ್ಲಿದ್ದವರಿಗೆ ಡಬ್ಬಿ ಸಮೇತ ಮರುಪರಿಶೀಲನೆಗೆ ಕಳಿಸುವ ದಾರಿಯಿದೆ. ಇನ್ನೊಂದು ಕಂಪನಿಗೆ ದಾಟಿಸುವಾಗ ಕನಿಷ್ಠ ಇಂಥ ದರ್ಜೆ ಸಿಗದಿದ್ದರೆ ಒಡೆಯಬೇಡಿ ಎಂದು ಬರೆದುಕೊಡುವ ಅವಕಾಶವೂ ಇದೆ. ಕಾಯ್ದೆಯ ಕಾರಣ ಈ ನಾಣ್ಯಕ್ಕೆ ಅವು ಮುಚ್ಚಿದ ಬಾಗಿಲು. ದೇಶದೊಳಗೆ ಗ್ರೇಡ್ ಮಾಡುವವರೂ ಇದ್ದಾರೆ. ಆದರೆ ಕೊಳ್ಳುವವರು ಅವರ ಲೇಬಲ್‌ಗೆ ಎಷ್ಟು ಬೆಲೆ ಕಟ್ಟುತ್ತಾರೆ ಎಂದು ಹರಾಜಿನ ಫಲಿತಾಂಶಗಳಲ್ಲಿ ನೋಡದೆ ಈಗಿರುವ ಡಬ್ಬಿಯನ್ನು ಕಳೆದುಕೊಳ್ಳಬೇಡಿ. ಮಾರುವುದಾದರೆ ಇದೇ ಸ್ಲ್ಯಾಬಿನಲ್ಲಿ ಮಾರಿ. ಮಾರುವುದಿಲ್ಲವಾದರೆ 58ರದೋ 62ರದೋ ಎಂಬುದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ.

ಕೊನೆಗೆ ಅಮ್ಮನ ಪೆಟ್ಟಿಗೆ. ನನಗೆ ಹೆಚ್ಚು ಕಾಳಜಿ ಇದರದೇ. ನಮ್ಮ ಮನೆಗಳಲ್ಲಿ ಬೆಳ್ಳಿ ರೂಪಾಯಿಗಳು ಧನಲಕ್ಷ್ಮಿಯ ಪೂಜೆಗೆ ಕೂತವು, ಕಲಶದೊಳಗೆ ಬಿದ್ದವು, ಹಬ್ಬ ಬಂದಾಗಲೆಲ್ಲ ಹುಣಸೆಹಣ್ಣು, ವಿಭೂತಿಯಲ್ಲಿ ತಿಕ್ಕಿಸಿಕೊಂಡವು. ಕೆಲವಕ್ಕೆ ಸರಕ್ಕೆ ಪೋಣಿಸಲು ಅಂಚಿನಲ್ಲಿ ಕೊಂಡಿ ಬೆಸೆದು ಮತ್ತೆ ಕಿತ್ತ ಗುರುತಿರುತ್ತದೆ. ಇಂಥವಕ್ಕೆ ಬರುವುದು 'ಡೀಟೇಲ್ಸ್' ಲೇಬಲ್ ಮಾತ್ರ, ಗ್ರೇಡಿಂಗ್ ಶುಲ್ಕವೇ ದಂಡ. ಮನೆಯಲ್ಲೇ ತೂಕ ನೋಡಿ. ಮೊದಲಿನ ತೂಕ 11.66 ಗ್ರಾಂ, ಚಲಾವಣೆಯಲ್ಲಿ ಸವೆದಿದ್ದರೆ ತುಸು ಕಡಿಮೆ. ಇಸವಿ ಓದಿ ಬರೆದಿಡಿ. 1877ರಿಂದ 'ಕ್ವೀನ್' ಹೋಗಿ 'ಎಂಪ್ರೆಸ್' ಬರುತ್ತದೆ. ಅಪರೂಪದ್ದು ಕಂಡರೆ, ಉದಾಹರಣೆಗೆ 1939ರ ರೂಪಾಯಿ ಸಿಕ್ಕರೆ, ಮೊದಲು ನಕಲಿಯೆಂದೇ ಅನುಮಾನಿಸಿ, ಆಮೇಲೆ ತೋರಿಸಲು ಹೊರಡಿ. ಉಳಿದವು ಪೂಜೆಗೇ ಇರಲಿ. ಅರಿಸಿನ ಕುಂಕುಮ ತಟ್ಟೆಗೆ ಹಚ್ಚಿ, ನಾಣ್ಯಕ್ಕೆ ಬೇಡ, ಇನ್ನು ಮೇಲೆ ತಿಕ್ಕುವುದೂ ಬೇಡ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ಅದು ಬೆಳ್ಳಿಯ ಮೇಲೆ ಹಸಿರು ಅಂಟು ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಗೆ ಒಂದೊಂದನ್ನೇ ಹಾಕಿ, ಮೇಲೆ ಇಸವಿ ಬರೆದು ಒಣ ಜಾಗದಲ್ಲಿಡಿ.